ಕಾರಿನ ಶಾಖ ಮತ್ತು ನಮ್ಮ ಎಚ್ಚರ

ಕಾರು ಇಂದು ಅನೇಕ ಮನೆಗಳ ನಿತ್ಯದ ಅಗತ್ಯವಾಗಿದೆ. ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ ಹಿರಿಯರನ್ನೂ ಮಕ್ಕಳನ್ನೂ ನಾವು ಅದರಲ್ಲಿಯೇ ಕರೆದೊಯ್ಯುತ್ತೇವೆ. ಅದನ್ನು ತೊಳೆದು ಒರೆಸುತ್ತೇವೆ, ಹಬ್ಬದಂದು ಪೂಜಿಸುತ್ತೇವೆ. ಆದರೆ ಬಾನೆಟ್ಟನ್ನೆತ್ತಿ ಒಳಗಿನ ವೈರು, ಪೈಪು, ಕೇಬಲ್ಲುಗಳ ಸ್ಥಿತಿಯನ್ನು ನೋಡುವವರು ವಿರಳ. ಎಂಜಿನ್ನಿನ ಶಾಖವು ಅವುಗಳನ್ನು ದಿನದಿನವೂ ಸದ್ದಿಲ್ಲದೆ ಸವೆಸುತ್ತಿರುತ್ತದೆ.

ಎಂಜಿನ್ನನ್ನು ತಂಪುಗೊಳಿಸುವ ನೀರು ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಹೊಗೆಯು ಹೊರಬರುವ ಮಾರ್ಗದ ಮಾತೇ ಬೇರೆ. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ಮೊದಲು ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯನ್ನು ಶುದ್ಧಗೊಳಿಸುವಾಗ 400ರಿಂದ 800 ಡಿಗ್ರಿಯಷ್ಟು ಕಾಯುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ವೈರು ತಾಳಬಲ್ಲುದು ಕೇವಲ 70ರಿಂದ 105 ಡಿಗ್ರಿ. ಎರಡೂ ಒಂದೇ ಇಕ್ಕಟ್ಟಿನಲ್ಲಿ ಬಾಳಬೇಕಾಗಿದೆ.

ಶಾಖ ತಗುಲಿದ ವೈರಿನ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಶಾರ್ಟ್ ಆಗಿ ಕಿಡಿ ಹಾರಬಹುದು. ಕ್ಲಚ್ ಕೇಬಲ್ಲಿನ ಒಳಪದರ ಕರಗಿದರೆ ಪೆಡಲ್ ಬಿಗಿಯಾಗುತ್ತದೆ. ರಬ್ಬರಿನ ಪೆಟ್ರೋಲ್ ಪೈಪು ಸೀಳಿದರೆ ಬೆಂಕಿಯ ಭಯವಿದೆ. ಬ್ರೇಕ್ ಎಣ್ಣೆಯೂ ಕುದಿಯಬಲ್ಲುದು. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ. ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಕುದಿದಾಗ ಆವಿಯ ಗುಳ್ಳೆಗಳೆದ್ದು, ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು.

ಒಲೆಯ ಮುಂದೆ ಕುಳಿತಾಗ ಮುಖಕ್ಕೆ ತಟ್ಟುವ ಝಳವನ್ನು ನೆನೆಯಿರಿ. ನಡುವೆ ಒಂದು ಮೊರವನ್ನು ಹಿಡಿದರೆ ಅದು ಕೂಡಲೇ ತಗ್ಗುತ್ತದೆ. ಒಂದು ಮೊಳ ಹಿಂದೆ ಸರಿದರೂ ಹಿತವಾಗುತ್ತದೆ. ಕಾರಿನಲ್ಲಿಯೂ ಇದೇ ನ್ಯಾಯ. ಮೊದಲು ದೂರ, ಅನಂತರ ಮರೆ, ಕೊನೆಗೆ ಹೊದಿಕೆ.

ಕಾರು ತಯಾರಾಗುವಾಗಲೇ ಹೊಗೆಕೊಳವೆಯ ಬಳಿ ತೆಳುವಾದ ಲೋಹದ ತಗಡುಗಳನ್ನು ಮರೆಯಾಗಿ ಜೋಡಿಸಿರುತ್ತಾರೆ. ವರ್ಷಗಳು ಕಳೆದಂತೆ ಅವುಗಳ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿ ಗಡಗಡ ಸದ್ದು ಹೊರಡುತ್ತದೆ. ಸದ್ದು ನಿಲ್ಲಿಸಲು ತಗಡನ್ನೇ ಕಿತ್ತೆಸೆಯುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಇದು ಬಾಗಿಲು ಕಿರುಗುಟ್ಟಿತೆಂದು ಬಾಗಿಲನ್ನೇ ತೆಗೆದಂತೆ! ಹೊಸ ಬೋಲ್ಟು, ಅಗಲವಾದ ವಾಷರ್ ಹಾಕಿ ಬಿಗಿಗೊಳಿಸಲು ಹೇಳಬೇಕು. ಸೈಲೆನ್ಸರ್ ಕೆಲಸ ಮುಗಿದ ಮೇಲೆ ತಗಡು ಸ್ವಸ್ಥಾನದಲ್ಲಿದೆಯೇ ಎಂದು ಕಣ್ಣಾರೆ ನೋಡಬೇಕು. ಹಾರ್ನು, ದೀಪ, ಕ್ಯಾಮೆರಾಗಳನ್ನು ಹೊಸದಾಗಿ ಕೂಡಿಸುವಾಗ ವೈರನ್ನು ಬಿಸಿ ಕೊಳವೆಯ ಪಕ್ಕದಲ್ಲಿ ಎಳೆಯಲು ಬಿಡಬಾರದು.

ವೈರನ್ನು ದೂರ ಸರಿಸಲು ಎಡೆಯಿಲ್ಲದಿದ್ದಲ್ಲಿ ಸಿಲಿಕೋನ್ ಲೇಪಿತ ಫೈಬರ್‌ಗ್ಲಾಸ್ ಕೊಳವೆಯನ್ನು ತೊಡಿಸಬಹುದು. ಅದು ಸುಮಾರು 260 ಡಿಗ್ರಿಯವರೆಗೆ ತಾಳುತ್ತದೆ. ಅಲ್ಯುಮಿನಿಯಂ ಹೊದಿಕೆಯಾದರೆ ಹೊಳೆಯುವ ಮುಖ ಹೊರಗಿರಲಿ. ತಗಡಿಗೂ ಪೈಪಿಗೂ ನಡುವೆ ಗಾಳಿಯಾಡಲು ತೆರಪಿರಲಿ. ಮನೆಯ ಕರೆಂಟಿನ ಕಪ್ಪು ಟೇಪು ಇಲ್ಲಿ ನಿಲ್ಲದು. ಅಂಟು ಕರಗಿ ಜಾರುತ್ತದೆ. ಬಿರಿದ ಪೆಟ್ರೋಲ್ ಅಥವಾ ಬ್ರೇಕ್ ಪೈಪಿಗೆ ಯಾವ ಹೊದಿಕೆಯೂ ಮದ್ದಲ್ಲ, ಅದನ್ನು ಬದಲಿಸಲೇಬೇಕು.

ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ನಿಧಾನವಾಗಿ ಏರುವಾಗ ಎಂಜಿನ್ನಿಗೆ ಶ್ರಮ ಹೆಚ್ಚು, ಎದುರುಗಾಳಿ ಕಡಿಮೆ. ಮೇಲೇರಿ ಎಂಜಿನ್ ನಿಲ್ಲಿಸಿದ ಮೇಲೆಯೂ ಕೆಲವು ನಿಮಿಷ ಬಾನೆಟ್ಟಿನೊಳಗಿನ ಶಾಖ ಏರುತ್ತಲೇ ಇರುತ್ತದೆ. ಆದುದರಿಂದ ದೂರದ ಪ್ರಯಾಣಕ್ಕೆ ಮುನ್ನ, ಎಂಜಿನ್ ತಣ್ಣಗಿರುವಾಗ, ಟಾರ್ಚ್ ಹಿಡಿದು ಒಮ್ಮೆ ನೋಡುವುದು ಲೇಸು. ಬಣ್ಣಗೆಟ್ಟ ವೈರು, ಗಡುಸಾದ ರಬ್ಬರು, ಇಲಿ ತಂದಿಟ್ಟ ಕಸಕಡ್ಡಿ, ಮರೆತುಬಿಟ್ಟ ಬಟ್ಟೆ ಕಂಡರೆ ಕೂಡಲೇ ಸರಿಪಡಿಸಿ. ದಾರಿಯಲ್ಲಿ ಸುಟ್ಟ ವಾಸನೆಯೋ ಪೆಟ್ರೋಲಿನ ವಾಸನೆಯೋ ಬಂದರೆ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮೊದಲು ಎಲ್ಲರನ್ನೂ ಇಳಿಸಿ ದೂರ ಕಳುಹಿಸಿ. ಹೊಗೆ ಕಾಣುತ್ತಿದ್ದರೆ ಬಾನೆಟ್ಟನ್ನು ತೆರೆಯುವ ಸಾಹಸ ಬೇಡ. ಒಳನುಗ್ಗುವ ಗಾಳಿ ಬೆಂಕಿಯನ್ನು ಹೆಚ್ಚಿಸುತ್ತದೆ.

ಒಂದು ತಗಡು, ಎರಡು ಬೋಲ್ಟುಗಳ ಬೆಲೆ ಅತ್ಯಲ್ಪ. ಅವುಗಳನ್ನು ನಂಬಿ ಕುಳಿತ ಜೀವಗಳ ಬೆಲೆಯನ್ನು ನಾವೆಲ್ಲರೂ ಬಲ್ಲೆವು.