ಫ್ಯೂಸ್‌ಗೆ ದಪ್ಪ ತಂತಿ ಸುತ್ತಿದ್ದೀರಾ?

ಶಿಕಾರಿಪುರ, ಸೊರಬದ ಅಡಿಕೆ ತೋಟದವರೇ,
ನಿಮ್ಮ ಪಂಪ್‌ಹೌಸಿನ ಫ್ಯೂಸ್‌ನಲ್ಲಿ ಇರೋದು ಫ್ಯೂಸ್ ತಂತಿನಾ?
ಇಲ್ಲಾ, ಮೂರೆಳೆ ತಾಮ್ರದ ವೈರ್ ಹೊಸೆದು ಸುತ್ತಿದ್ದೀರಾ?

ಶಾರ್ಟ್ ಸರ್ಕ್ಯೂಟ್ ಆದಾಗ
ಕರೆಂಟು 10 ಪಟ್ಟು ಏರಿತು ಅಂದ್ಕೊಳ್ಳಿ.
ಕೇಬಲ್ಲಿನಲ್ಲಿ ಹುಟ್ಟೋ ಶಾಖ 10 ಪಟ್ಟಲ್ಲ,
100 ಪಟ್ಟು!

ಸಾಮಾನ್ಯ ಪಿವಿಸಿ ಕೇಬಲ್
ದಿನವಿಡೀ ತಡೆಯೋದು 70 ಡಿಗ್ರಿ.
ಶಾರ್ಟ್ ಆದ ಆ ಕ್ಷಣಕ್ಕೆ, ಹೆಚ್ಚೆಂದರೆ 160.
ಅದನ್ನು ದಾಟಿದರೆ ಹೊದಿಕೆ ಹಾಳಾಗುತ್ತೆ,
ಬೆಂಕಿಯೂ ಹತ್ತಬಹುದು.

ಅಂಜನಾಪುರದ ನಾಲೆಗೆ ನೀರು ಒಮ್ಮೆಲೇ ನುಗ್ಗಿದರೆ,
ಏರಿ ಒಡೆಯೋ ಮೊದಲೇ ತೂಬು ಮುಚ್ಚಬೇಕಲ್ವಾ?
ಫ್ಯೂಸ್ ಮಾಡೋದೂ ಅದನ್ನೇ.
ತಾನು ಕರಗಿ, ಕರೆಂಟು ನಿಲ್ಲಿಸುತ್ತೆ.
ದಪ್ಪ ತಂತಿ ಕರಗಲ್ಲ.
ಆಗ ಸುಡೋದು ಕೇಬಲ್!

ಅದಕ್ಕೇ, ಫ್ಯೂಸ್ ಆಗಲಿ, ಎಂಸಿಬಿ ಆಗಲಿ,
ಕೇಬಲ್ಲಿನ ಗಾತ್ರಕ್ಕೆ ಹೊಂದಬೇಕು.

ಬೋರ್‌ವೆಲ್ ದೂರ ಇದೆಯಾ? ಇನ್ನೂ ಹುಷಾರು.
ಉದ್ದ ಕೇಬಲ್ಲಿನ ತುದಿಯಲ್ಲಿ ಶಾರ್ಟ್ ಆದರೆ
ಕರೆಂಟು ಅಷ್ಟು ಜೋರಾಗಿ ಏರಲ್ಲ.
ಫ್ಯೂಸ್ ಹೋಗೋದು ತಡ,
ಅಷ್ಟು ಹೊತ್ತೂ ಕೇಬಲ್ ಬಿಸಿಯಾಗ್ತಾ ಇರುತ್ತೆ.

ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ರ
ಉದ್ದ, ಗಾತ್ರ ಎರಡೂ ಲೆಕ್ಕ ಹಾಕಿಸಿ.
ಫ್ಯೂಸ್ ಪದೇ ಪದೇ ಹೋಗ್ತಿದ್ರೆ
ದಪ್ಪ ತಂತಿ ಹಾಕಬೇಡಿ,
ಮೊದಲು ಕಾರಣ ಹುಡುಕಿಸಿ.