ಪಿಯುಸಿ ಮುಗೀತಾ? ಕಾಲೇಜು ಹುಡುಕೋ ಮುಂಚೆ ಒಂದು ಫೈಲ್ ಮಾಡಿಡಿ

ಪಿಯುಸಿ ರಿಸಲ್ಟ್ ಬಂದರೆ ಸಾಕು, ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರ್ ಮುಂದೆ ಕ್ಯೂ. ಕೊನೇ ದಿನ ಒಂದು ಕಾಗದ ಸಿಗದೆ ಸೀಟು ಕೈತಪ್ಪಬಾರದು ಅಂದ್ರೆ ಈಗಲೇ ತಯಾರಿ ಬೇಕು.

ಫೈಲ್‌ನಲ್ಲಿ ಏನಿರಬೇಕು?
ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಆಧಾರ್, ಫೋಟೋ, ಜಾತಿ-ಆದಾಯ ಪ್ರಮಾಣಪತ್ರ. ನಾಡಕಚೇರಿ ಕೊಡುವ ಈ ಪತ್ರದ ಆರ್‌ಡಿ ನಂಬರ್ ಸಿಇಟಿಗೂ, ವಿದ್ಯಾರ್ಥಿವೇತನಕ್ಕೂ ಬೇಕು. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಕೇಳುವವರಿಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಕಡ್ಡಾಯ. ಎರಡು-ಮೂರು ಶಾಲೆಯಲ್ಲಿ ಓದಿದ್ದರೆ ಎಲ್ಲ ಕಡೆ ಅಲೆಯಬೇಕಾಗುತ್ತೆ, ಮೊದಲೇ ಹೋಗಿ. ಅಂಕಪಟ್ಟಿ, ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಒಂದೇ ಇದೆಯಾ ನೋಡಿಕೊಳ್ಳಿ.

ನೋಟ್‌ಬುಕ್ ಇರಲಿ
ಪ್ರತಿ ಕಾಲೇಜಿಗೆ ಒಂದು ಪುಟ: ಫೀಸು, ಹಾಸ್ಟೆಲ್, ಬಸ್ ಟೈಮ್, ಅರ್ಜಿಯ ಕೊನೇ ದಿನಾಂಕ. ಲಾಗಿನ್ ಐಡಿ, ಪಾಸ್‌ವರ್ಡ್ ಕೂಡ ಇದರಲ್ಲೇ ಬರೆದಿಡಿ. ಅರ್ಜಿಗೆ ಸೈಬರ್‌ನವರ ನಂಬರ್ ಕೊಡಬೇಡಿ. ಒಟಿಪಿ ಮನೆಯ ಫೋನಿಗೇ ಬರಲಿ.

ಒರಿಜಿನಲ್ ಜೋಪಾನ
2018ರ ಯುಜಿಸಿ ಅಧಿಸೂಚನೆ ಪ್ರಕಾರ ಕಾಲೇಜುಗಳು ಮೂಲ ಅಂಕಪಟ್ಟಿ ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಬೇರೆ ಕಡೆ ಒಳ್ಳೆ ಸೀಟು ಸಿಕ್ಕಾಗ ಕೈಯಲ್ಲಿ ಒರಿಜಿನಲ್ ಇದ್ದವರೇ ಗೆದ್ದಂಗೆ.