ಪಿಕ್ಕ ಹಾಕೋರು ಯಾರು?

ಆಂಧ್ರದ ಗಡಿಯ ಮಡಕಶಿರಾ ಸೀಮೆಯಲ್ಲಿ ಮಾರ್ಚ್ ಎಂದರೆ ಹುಣಸೆಹಣ್ಣಿನ ತಿಂಗಳು. ಅಮರಾಪುರದಿಂದ ಹೇಮಾವತಿಯ ಕಡೆ ಹೋಗುವಾಗ ಮನೆಮನೆಯ ಮುಂದೆ ರಾಶಿ. ಹೆಂಗಸರು ಸಾಲಾಗಿ ಕೂತು ಓಡು ಒಡೆಯುತ್ತಾರೆ, ನಾರು ಬಿಡಿಸುತ್ತಾರೆ, ಕುಟ್ಟಿ ಬೀಜ ತೆಗೆಯುತ್ತಾರೆ. ಹಣ್ಣು ಹಿಂದೂಪುರದ ಮಂಡಿಗೆ ಹೋಗುತ್ತದೆ, ಬೀಜ ಒಂದು ಮೂಲೆ ಸೇರುತ್ತದೆ. ನಾನು ಹೊರಟಿದ್ದು ನೊಳಂಬ ಅರಸರ ಕಂಬ ನೋಡಲು. ಆದರೆ ಆ ದಿನದ ಬಹುಪಾಲು ಕಳೆದದ್ದು ಒಂದು ಜಗಲಿಯ ಮೇಲೆ, ಚೌಕಾಬಾರ ಆಟದ ಮನೆಯ ಪಕ್ಕದಲ್ಲಿ.

ಕಡಪಾ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಎಳೆದ ಐದೈದು ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗೂ ಒಳಗಿನ ಹಣ್ಣಿನ ಮನೆಗೂ ಅಡ್ಡಗೀಟು. ಕಾಯಿಗಳೆಂದರೆ ಬಳೆಚೂರು, ಕಡ್ಡಿ, ಕಲ್ಲು, ಅವರೆಕಾಳು. ಕವಡೆಯ ಬದಲು ಹುಣಸೆ ಪಿಕ್ಕ: ಬೀಜದ ಒಂದು ಮೈಯನ್ನು ಒರಟು ಕಲ್ಲಿಗೆ ನೀರು ಹಾಕಿ ಉಜ್ಜಿ ಬಿಳಿ ಕಾಣಿಸುವಂತೆ ಮಾಡಿದ ನಾಲ್ಕು ಬೀಜ. ಒಂದು ಮೈ ಬಿಳಿ, ಇನ್ನೊಂದು ಕಂದು. ಕೆಲಸದ ನಡುವಿನ ಬಿಡುವಿನಲ್ಲಿ ನಾಲ್ವರು ಆಡುತ್ತಿದ್ದರು. ಎಲ್ಲರಿಗಿಂತ ಹಿರಿಯಜ್ಜಿಯ ಮೊಮ್ಮಗ ಪಕ್ಕದಲ್ಲೇ ಗೋಡೆಗೊರಗಿ ಫೋನು ಹಿಡಿದಿದ್ದ. ಅದರ ಪರದೆಯ ಮೇಲೆ ಪಿರಮಿಡ್ಡು, ಚಿನ್ನದ ಮುಖವಾಡದ ಫೇರೋ, ಜೀರುಂಡೆ, ಗರಗರ ತಿರುಗುವ ಐದು ಕಂಬಸಾಲು.

ನಾನು ಪತ್ರಿಕೆಯವನು ಎಂದು ತಿಳಿದ ಕೂಡಲೇ ಹುಡುಗ ನೇರವಾಗಿ ಕೇಳಿದ: "ಸಾರ್, ಇದ್ರಾಗೆ ಗೆಲ್ಲೋದು ಹೆಂಗೆ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಫೋನಿನತ್ತ ಬಗ್ಗಿ ನೋಡಿದರು. "ಅದ್ರಾಗೆ ಪಿಕ್ಕ ಹಾಕೋರು ಯಾರಪ್ಪಾ?"

"ಯಾರೂ ಹಾಕಲ್ಲಜ್ಜಿ. ಅದೇ ಬೀಳ್ತೈತೆ."

"ಅದೇ ಬೀಳೋದಾದ್ರೆ ನಿಂದೇನೈತೆ ಆಟ?"

ಜೂಜಿನ ಗಣಿತದ ಮೇಲೆ ನಾನು ಓದಿದ್ದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ. ಹುಡುಗ ಆಡುತ್ತಿದ್ದದ್ದು ಕಾಸಿಲ್ಲದ, ಬರೀ ಪರದೆಯ ನಾಣ್ಯದ ಆಟ. ಆದರೂ ಅವನ ಪ್ರಶ್ನೆಗೆ ಪೂರ್ತಿ ಉತ್ತರ ಸಲ್ಲಬೇಕು.

ಅವನ ಫೋನಿನಲ್ಲಿದ್ದಂಥ, ಇತಿಹಾಸದ ವೇಷ ತೊಟ್ಟ ಸ್ಲಾಟ್ ಆಟಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಐದು ರೀಲು, ಅಂದರೆ ತಿರುಗುವ ಕಂಬಸಾಲು, ಮೂರು ಅಡ್ಡಸಾಲು. ಮೊದಲು ಒಂದು ಸುತ್ತಿಗೆ ಎಷ್ಟು ಪಣ, ಎಷ್ಟು ಗೆರೆಗಳ ಮೇಲೆ ಎಂದು ಆರಿಸಬೇಕು. ಗುಂಡಿ ಒತ್ತಿದರೆ ರೀಲು ತಿರುಗಿ ನಿಲ್ಲುತ್ತವೆ. ಒಂದೇ ಗುರುತು ಎಡದಿಂದ ಬಲಕ್ಕೆ ಒಂದು ಗೆರೆಯ ಮೇಲೆ ಸಾಲಾಗಿ ಬಿದ್ದರೆ ಹಣ. ಎಕ್ಕ, ರಾಜ, ರಾಣಿಯಂಥ ಇಸ್ಪೀಟಿನ ಗುರುತಿಗೆ ಕಡಿಮೆ, ಫೇರೋನಿಗೆ ಹೆಚ್ಚು. ಈಜಿಪ್ಟಿನ ವೇಷದ ಹಲವು ಆಟಗಳಲ್ಲಿ ಒಂದು ಪುಸ್ತಕದ ಗುರುತು ಇರುತ್ತದೆ. ಅದು ಯಾವ ಗುರುತಿನ ಜಾಗಕ್ಕಾದರೂ ಸಲ್ಲುತ್ತದೆ. ಮೂರು ಪುಸ್ತಕ ಎಲ್ಲೇ ಬಿದ್ದರೂ ಹತ್ತು ಸುತ್ತು ಪುಕ್ಕಟೆ. ಗೆದ್ದ ಹಣವನ್ನು ಕೆಂಪು–ಕಪ್ಪು ಎಲೆಯ ಮೇಲೆ ಮತ್ತೆ ಕಟ್ಟಿ ಇಮ್ಮಡಿ ಮಾಡಿಕೊಳ್ಳಿ ಎಂಬ ಕರೆಯೂ ಹಲವು ಆಟಗಳಲ್ಲಿದೆ. ಆಡುವ ಕ್ರಮ ಇಷ್ಟೇ. ಪಣ ಎಷ್ಟು, ಯಾವಾಗ ಎದ್ದು ಹೋಗುವುದು ಎಂಬ ಎರಡನ್ನು ಬಿಟ್ಟರೆ ಆಟಗಾರನ ಬುದ್ಧಿಗೆ ಇಲ್ಲಿ ಮಾಡಲು ಏನೂ ಇಲ್ಲ.

ಗುಂಡಿ ಒತ್ತಿದ ಗಳಿಗೆಯಲ್ಲೇ ಫಲಿತಾಂಶ ತೀರ್ಮಾನವಾಗಿರುತ್ತದೆ. ಎಲ್ಲೋ ದೂರದ ಸರ್ವರಿನ ಒಂದು ಪ್ರೋಗ್ರಾಂ ಅಂಕೆಯನ್ನು ಎತ್ತಿರುತ್ತದೆ. ರೀಲು ತಿರುಗುವುದು ಆ ಅಂಕೆಗೆ ತೊಡಿಸಿದ ಚಿತ್ರ. ಹಿಂದಿನ ಸುತ್ತಿನಲ್ಲಿ ಸೋತದ್ದು ಮುಂದಿನ ಸುತ್ತಿಗೆ ಲೆಕ್ಕವಿಲ್ಲ. "ಇಷ್ಟು ಹೊತ್ತು ಬಿದ್ದಿಲ್ಲ, ಇನ್ನೇನು ಬೀಳಬೇಕು" ಎಂಬ ನಂಬಿಕೆಗೆ ಇಲ್ಲಿ ಆಧಾರವೇ ಇಲ್ಲ.

ಸ್ಲಾಟ್ ಯಂತ್ರದ ಹುಟ್ಟು 19ನೇ ಶತಮಾನದ ಕೊನೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಮಾಡಿದ ‘ಲಿಬರ್ಟಿ ಬೆಲ್’ನಲ್ಲಿ ಮೂರು ರೀಲು ಇದ್ದವು. ರೀಲಿಗೆ ಹತ್ತು ಗುರುತು ಎಂದರೆ ಒಟ್ಟು 1000 ಜೋಡಣೆ, ತಾಳ್ಮೆಯಿದ್ದವನು ಎಣಿಸಿಬಿಡಬಹುದು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವರು ಅಮೆರಿಕದಲ್ಲಿ ಪಡೆದ ಪೇಟೆಂಟ್ ಆ ಎಣಿಕೆಯನ್ನೇ ಕೆಡಿಸಿತು. ಕಣ್ಣಿಗೆ ಕಾಣುವ ರೀಲಿನಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ನಿಲುಗಡೆ ಇದ್ದರೂ ಒಳಗಿನ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಇಡಬಹುದಾಯಿತು. ದೊಡ್ಡ ಗುರುತಿಗೆ ಒಳಗೆ ಒಂದೇ ಜಾಗ, ಅದರ ಪಕ್ಕದ ಖಾಲಿಗೆ ಹಲವು ಜಾಗ. ಹಾಗಾಗಿ "ಅಯ್ಯೋ, ಒಂದೇ ಮನೆ ತಪ್ಪಿತು" ಅನ್ನಿಸುವುದು ಪದೇ ಪದೇ ನಡೆಯುತ್ತದೆ. ಅಂದಿನಿಂದ ಆಟಗಾರನ ಕಣ್ಣಿನ ಅಂದಾಜು ಯಂತ್ರದ ಒಳಲೆಕ್ಕಕ್ಕೆ ತಾಳೆಯಾಗುವುದಿಲ್ಲ.

ಹೀಗಿರುವಾಗ ಫೇರೋ ಯಾಕೆ, ಪಿರಮಿಡ್ ಯಾಕೆ? ನನ್ನ ಮಟ್ಟಿಗೆ ಇದು ಇತಿಹಾಸಕ್ಕೆ ಮಾಡುವ ಅನ್ಯಾಯ. ಅದೇ ಲೆಕ್ಕಕ್ಕೆ ರೋಮಿನ ಯೋಧನನ್ನೂ ಅಂಟಿಸುತ್ತಾರೆ, ಚೀನಾದ ಡ್ರ್ಯಾಗನ್ನನ್ನೂ ಅಂಟಿಸುತ್ತಾರೆ. ನೆಲದಡಿ ನಿಧಿಯಿದೆ, ಹಳೆಯ ಗೋರಿ ತೆರೆದರೆ ಹೊನ್ನಿದೆ ಎಂಬ ಆಸೆಯೊಂದೇ ಆ ಆಟಕ್ಕೆ ಬೇಕಾದದ್ದು.

ಆ ಆಸೆ ಈ ಸೀಮೆಗೂ ಹೊಸದಲ್ಲ. ರಾಯದುರ್ಗದ ಬೆಟ್ಟದಲ್ಲಿ ರಸಸಿದ್ಧನ ಗುಡಿಗಳೆಂದು ಜನ ಕರೆಯುವ ಜಾಗವಿದೆ. ಬಂಡೆಗಳ ಮೇಲೆ ಜೈನ ಉಬ್ಬುಶಿಲ್ಪಗಳಿವೆ. ಕಥೆ ಮಾತ್ರ ಕೀಳು ಲೋಹವನ್ನು ಚಿನ್ನ ಮಾಡಬಲ್ಲ ಸಿದ್ಧನದು. ಊರಿನ ನಿಜವಾದ ಇತಿಹಾಸ ಆ ಕಥೆಗಿಂತ ದೊಡ್ಡದು. ಬೇಡರ ನೆಲೆಯಾಗಿದ್ದ ಬೆಟ್ಟವನ್ನು ಹಿಡಿಯಲು ವಿಜಯನಗರದ ಅರಸರು ಕಳಿಸಿದ ಭೂಪತಿರಾಯನ ಹೆಸರಿನಿಂದ ಅದು ಭೂಪತಿರಾಯಕೊಂಡ ಎನಿಸಿತು. ಪಾಳೆಯಗಾರರ ಕೈ, ಟಿಪ್ಪುವಿನ ಕೈ ದಾಟಿ 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯ ಜೊತೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಬಂತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅದರ ಮಗ್ಗುಲಿನ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ನುಣುಪು ಕರಿಗಲ್ಲ ಕಂಬಗಳಲ್ಲಿ ಕೆಲವನ್ನು ಇಂದು ನೋಡಬೇಕೆಂದರೆ ಚೆನ್ನೈ ಮ್ಯೂಸಿಯಮ್ಮಿಗೆ ಹೋಗಬೇಕು. ಇಷ್ಟು ಇತಿಹಾಸ ಕಾಲಡಿಯಲ್ಲಿರುವ ಹುಡುಗನಿಗೆ ಪರದೆಯ ಮೇಲಿನ ಪಿರಮಿಡ್ಡೇ ಇತಿಹಾಸವಾಗಿ ಕಂಡದ್ದು ನನಗೆ ನೋವು ತಂದಿತು.

ಮತ್ತೆ ಪಿಕ್ಕದ ಮಾತಿಗೆ ಬರೋಣ. ಅಲ್ಲಿಂದ ನನ್ನ ಮನಸ್ಸು ಇನ್ನೂ ಎದ್ದಿಲ್ಲ.

ಆಟ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಅಡ್ಡಗೀಟಿನ ಮನೆಯಾದ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತು ಮುಗಿಸಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದ ಮೇಲೆ ಒಳಸುತ್ತಿಗೆ ಇಳಿದು, ಹಣ್ಣಿನ ಮನೆ ಸೇರಿ ಹಣ್ಣಾಗಬೇಕು. ನಾಲ್ಕು ಪಿಕ್ಕ ಹಾಕಿದಾಗ ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಂದಾದರೆ ಬಾರ, ಎಂಟು ಮನೆ. ಎರಡಕ್ಕೂ ಮತ್ತೊಂದು ಆಟ ಉಂಟು. ರಾಯದುರ್ಗದ ತೆಲುಗು ಮನೆಗಳಲ್ಲಿ ಇದನ್ನೇ ಅಷ್ಟಾಚೆಮ್ಮ ಎನ್ನುತ್ತಾರೆ.

ಪಿಕ್ಕದ ಎರಡು ಮೈಯೂ ಸಮವಾಗಿ ಬೀಳುತ್ತವೆ ಎಂದುಕೊಂಡರೆ ನಾಲ್ಕು ಪಿಕ್ಕಕ್ಕೆ 16 ಬಗೆ. ಒಂದು ಬೀಳುವುದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಅಂದರೆ ಎಂಟು ಸಲ ಹಾಕಿದರೆ ಸರಾಸರಿ ಒಂದು ಸಲ ಮರು ಆಟ. ಆದರೆ ಹುಣಸೆ ಪಿಕ್ಕ ಟಂಕಸಾಲೆಯ ನಾಣ್ಯವಲ್ಲ. ಎಷ್ಟು ಉಜ್ಜಿದರು, ಬೆನ್ನು ಎಷ್ಟು ಉಬ್ಬಿದೆ ಎಂಬುದರ ಮೇಲೆ ಅದು ಯಾವುದಾದರೂ ಒಂದು ಮೈಗೆ ವಾಲುತ್ತದೆ. ಬಿಳಿ ಮೇಲೆ ಬೀಳುವುದು ನೂರಕ್ಕೆ ಐವತ್ತರ ಬದಲು ಅರವತ್ತು ಎಂದುಕೊಳ್ಳಿ. ಚೌಕ ನೂರಕ್ಕೆ ಆರರಿಂದ ಹದಿಮೂರಕ್ಕೆ ಏರುತ್ತದೆ, ಬಾರ ಎರಡೂವರೆಗೆ ಇಳಿಯುತ್ತದೆ! ಕಲ್ಲಿನ ಮೇಲೆ ನಾಲ್ಕು ಉಜ್ಜು ಹೆಚ್ಚು ಕಡಿಮೆಯಾದರೆ ಆಟದ ನಡೆಯೇ ಬೇರೆ. ಅಜ್ಜಿಗೆ ಇದು ಗೊತ್ತಿತ್ತು. ರಾಶಿಯಿಂದ ಬೀಜ ಆರಿಸುವಾಗ ಒಂದೇ ಗಾತ್ರದವನ್ನೇ ಹೆಕ್ಕುತ್ತಿದ್ದರು, ಉಜ್ಜಿ ಉಜ್ಜಿ ಹಾಕಿ ನೋಡುತ್ತಿದ್ದರು. "ಇವು ಬರೀ ಎರಡೇ ಬೀಳ್ತವೆ" ಎಂದು ಒಂದು ಜೊತೆಯನ್ನು ಎಸೆದೇಬಿಟ್ಟರು. ನಾನೂ ಕೂತು ಉಜ್ಜಿದೆ, ಹಾಕಿದೆ, ಬೇರೆ ಬೇರೆ ಬೀಜಗಳ ಗುಣ ಬೇರೆ ಎಂಬುದನ್ನು ಕೈಯಾರೆ ಕಂಡೆ.

ಪಿಕ್ಕ ವಾಲಿದ್ದರೂ ಆಟ ನ್ಯಾಯವಾಗಿಯೇ ಇರುತ್ತದೆ. ಯಾಕೆಂದರೆ ಅದೇ ನಾಲ್ಕು ಪಿಕ್ಕ ನಾಲ್ವರ ಕೈಗೂ ಸರದಿಯಂತೆ ಹೋಗುತ್ತವೆ. ಚೌಕ ಹೆಚ್ಚು ಬೀಳುವುದಾದರೆ ಎಲ್ಲರಿಗೂ ಹೆಚ್ಚು ಬೀಳುತ್ತದೆ. ಅನುಮಾನ ಬಂದವರು ಬೀಜವನ್ನು ತಿರುವಿ ನೋಡಬಹುದು, ಬದಲಿಸಿ ಎನ್ನಬಹುದು. ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕಾಯಬೇಕು ಎಂಬ ಬುದ್ಧಿ ಆಟಗಾರರದೇ. ಮಹಾಭಾರತದ ದ್ಯೂತದಲ್ಲಿ ಪಣ ದುರ್ಯೋಧನನದು, ದಾಳ ಶಕುನಿಯ ಕೈಯಲ್ಲಿ. ಅಲ್ಲಿ ಕೆಟ್ಟದ್ದು ಆಡಿದ್ದರಿಂದ ಮಾತ್ರವಲ್ಲ, ದಾಳ ಒಂದೇ ಕಡೆ ಉಳಿದದ್ದರಿಂದ. ಸ್ಲಾಟ್ ಆಟದಲ್ಲೂ ಪಿಕ್ಕ ಎಂದಿಗೂ ನಿಮ್ಮ ಕೈಗೆ ಬರುವುದಿಲ್ಲ.

ದಾಳ ಯಾರ ಕೈಯಲ್ಲಿರಬೇಕು ಎಂಬುದನ್ನು ಕೌಟಿಲ್ಯ ಎರಡು ಸಾವಿರ ವರ್ಷಗಳ ಹಿಂದೆಯೇ ಆಲೋಚಿಸಿದ್ದ. ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಆಟ ಒಂದೇ ಜಾಗದಲ್ಲಿ ನಡೆಯಬೇಕು, ಕವಡೆ–ದಾಳಗಳನ್ನು ಅವನೇ ಒದಗಿಸಬೇಕು, ಅವನ್ನು ಬದಲಿಸಿದವನಿಗೆ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ಅಧಿಕಾರಿಗೆ. ಇಂದಿನ ಸ್ಲಾಟ್ ಆಟದ ವಿವರದಲ್ಲಿ ಆಟಗಾರನಿಗೆ ಮರಳುವ ಪಾಲು ನೂರಕ್ಕೆ 96 ಎಂದು ಬರೆದಿದ್ದರೆ, ಆಟ ನಡೆಸುವವರ ಪಾಲು ನಾಲ್ಕೇ ಆಯಿತಲ್ಲ, ಕೌಟಿಲ್ಯನದಕ್ಕಿಂತ ಕಡಿಮೆ ಎಂದು ಅನ್ನಿಸಬಹುದು. ಆದರೆ ಕೌಟಿಲ್ಯನ ಐದು ಗೆಲುವಿನ ಮೇಲೆ. ಇಲ್ಲಿನ ನಾಲ್ಕು ಕಟ್ಟಿದ ಪ್ರತಿ ಪಣದ ಮೇಲೆ. ಸುತ್ತಿಗೆ 10 ರೂಪಾಯಿ, ಆರು ಸೆಕೆಂಡಿಗೆ ಒಂದು ಸುತ್ತು ಎಂದರೆ ಗಂಟೆಗೆ 600 ಸುತ್ತು, 6000 ರೂಪಾಯಿ ಪಣ, ಸರಾಸರಿ ನಷ್ಟ 240 ರೂಪಾಯಿ. ಐನೂರರ ನೋಟು ಸುಮಾರು ಎರಡು ಗಂಟೆಗೆ ಸವೆಯುತ್ತದೆ. ಒಂದೇ ಆಟವನ್ನು 94ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿ ನಡೆಸುವ ಅವಕಾಶವನ್ನು ತಯಾರಕರೇ ಕೊಡುವುದುಂಟು. ಪರದೆಯ ಮೇಲಿನ ಫೇರೋ ಆಗಲೂ ಅದೇ ಮುಖದಲ್ಲಿ ನಗುತ್ತಾನೆ.

ಕಾನೂನಿನ ಮಾತು ಚಿಕ್ಕದು. ಆಂಧ್ರ 2020ರಲ್ಲಿ ತನ್ನ 1974ರ ಜೂಜು ಕಾಯ್ದೆಯನ್ನು ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಹಾಗಾಗಿ ರಾಯದುರ್ಗದಲ್ಲಿ ಕೂಡದ ಆನ್‌ಲೈನ್ ರಮ್ಮಿ ಪಕ್ಕದಲ್ಲೇ ಇರುವ ಕರ್ನಾಟಕದ ಮೊಳಕಾಲ್ಮೂರಿನಲ್ಲಿ ಕೂಡುತ್ತಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ–ಅದೃಷ್ಟ ಎಂಬ ಭೇದವನ್ನೇ ಬಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ, ಅವನನ್ನು ನೊಂದವನೆಂದೇ ಕಾಯ್ದೆ ನೋಡುತ್ತದೆ. ಇದು ಸರಿಯಾದ ನೋಟ ಎಂದು ನನ್ನ ನಂಬಿಕೆ. ಆದರೆ ವಿದೇಶದಿಂದ ನಡೆಯುವ ಆ್ಯಪುಗಳು ಹೆಸರು ಬದಲಿಸಿ ಮರಳುತ್ತವೆ. ಪುಕ್ಕಟೆ ನಾಣ್ಯದ ಆಟದಲ್ಲಿ ಪಳಗಿದ ಬೆರಳಿಗೆ ಹಣದ ಆಟ ಹೊಸದಾಗಿ ಕಲಿಯಬೇಕಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿದು ವಾರದ ಬಟವಾಡೆ ಪಡೆಯುವ ಮನೆಗಳಿಗೆ ಎರಡು ಗಂಟೆಯ ಐನೂರು ಸಣ್ಣ ಮೊತ್ತವಲ್ಲ. ಈ ಸುಳಿಗೆ ಸಿಕ್ಕ ಮನೆಯವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ ಚಿಕಿತ್ಸಾ ವಿಭಾಗವಿದೆ.

ನಿಷೇಧದಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಶಾಲೆಯಲ್ಲಿ ಆಗಬೇಕು. ಹತ್ತನೇ ತರಗತಿಯ ಗಣಿತದಲ್ಲಿ ಸಂಭವನೀಯತೆಯ ಪಾಠ ಇದೆ. ಅಲ್ಲಿ ನಾಣ್ಯ ಚಿಮ್ಮಿಸುತ್ತಾರೆ, ದಾಳ ಉರುಳಿಸುತ್ತಾರೆ. ಗಡಿಯ ಕನ್ನಡ ಶಾಲೆಗಳ ಮೇಷ್ಟ್ರುಗಳು ಅದರ ಜೊತೆಗೆ ನಾಲ್ಕು ಹುಣಸೆ ಪಿಕ್ಕವನ್ನೂ ಮೇಜಿನ ಮೇಲಿಡಲಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಒಂದು ನಿಧಿಯನ್ನೇ ಆಟಗಳಿಗೆ ಮೀಸಲಿಟ್ಟು ಅದನ್ನು ಕೌತುಕನಿಧಿ ಎಂದು ಕರೆದರು. ಆಟ ಗಂಭೀರ ವಿದ್ಯೆ ಎಂಬ ತಿಳಿವು ನಮ್ಮಲ್ಲಿ ಇತ್ತು. 16 ಬಗೆಯನ್ನು ಮಕ್ಕಳು ಬರೆಯಲಿ, ನೂರು ಸಲ ಹಾಕಿ ಗೀಟು ಎಳೆಯಲಿ, ತಮ್ಮ ಪಿಕ್ಕ ಎತ್ತ ವಾಲುತ್ತದೆ ಎಂದು ಕಂಡುಕೊಳ್ಳಲಿ. ಒಂದು ಆಟದ ಲೆಕ್ಕವನ್ನು ಪೂರ್ತಿ ತೆರೆದು ನೋಡಿದ ಮಗು ಯಾವ ಪರದೆಯ ಮುಂದೆ ಕೂತರೂ ಎಷ್ಟು ಬಗೆ, ಯಾರು ಎಣಿಸಿದ್ದು, ಬೀಳಿಸುವ ಕೈ ಯಾರದು ಎಂದು ಕೇಳುತ್ತದೆ. ಉತ್ತರ ಸಿಗದ ಕಡೆ ಹಣ ಇಡಬಾರದೆಂದು ಅದಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.